ಆರಿದ ಕಷಾಯ

ಪಾವು ಎಳೆಯುವ ದಿನ ಆ ಬೀದಿಯಲ್ಲಿ ಬೆಳಗಿನ ಒಲೆ ಹೊತ್ತುತ್ತಿದ್ದುದು ಒಂದೇ ಮನೆಯಲ್ಲಿ, ಅದು ಪೆರಿಯನಾಯಕಿಯ ಮನೆ. ಕೋಯಮತ್ತೂರು ಕಡೆಯ ಕಿಣತ್ತುಕಡವಿನ ಪೇಟೆ ದಾಟಿ ಒಳಗೆ ತಿರುಗಿದರೆ ಸಿಗುವ ನೇಕಾರರ ಬೀದಿ ಅದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಪಾವು ಎಂದರೆ ಸೀರೆಯ ಉದ್ದೆಳೆ. ಅದನ್ನು ಮಗ್ಗಕ್ಕೆ ಏರಿಸುವ ಮುಂಚೆ ಬೀದಿಯ ಈ ತುದಿಯಿಂದ ಆ ತುದಿಗೆ ಬಿದಿರು ಕವೆಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಾಕಿ, ಉದ್ದ ಕುಂಚದಿಂದ ಬಾಚಿ ಒಣಗಿಸಬೇಕು. ಬಿಸಿಲು ಏರುವುದರೊಳಗೆ ಮುಗಿಯದಿದ್ದರೆ ಎಳೆಗೆ ಎಳೆ ಅಂಟಿ ಇಡೀ ಪಾವು ಹಾಳು. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಅದು? ಇವನ ಪಾವಿಗೆ ಬೀದಿಯ ಗಂಡಸರೆಲ್ಲ ಬರಬೇಕು, ನಾಳೆ ಅವರ ಪಾವಿಗೆ ಇವನು ಹೋಗಬೇಕು.

ಹಾಗೆ ಬಂದವರಿಗೆಲ್ಲ ಆವಾರೆ ಕಷಾಯ. ಆವಾರೆ ಎಂದರೆ ಮೈಸೂರು ಸೀಮೆಯವರು ತಂಗಡಿ ಎನ್ನುತ್ತಾರಲ್ಲ, ಬೇಲಿಸಾಲಿನಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಲ್ಲುವ ಗಿಡ, ಅದೇ. ಅದರ ತೊಗಟೆಯ ಚಕ್ಕೆ, ಒಂದು ಹಿಡಿ ಹೂವು, ಜಜ್ಜಿದ ಒಣಶುಂಠಿ. ಬೆಲ್ಲ ಹಾಕುವಂತಿಲ್ಲ, ಒಂದು ಹನಿ ನೂಲಿನ ಮೇಲೆ ಬಿದ್ದರೂ ಇರುವೆ ಸಾಲುಗಟ್ಟುತ್ತದೆ. ಕುದಿದು ಕುದಿದು ಕೆಂಪಗಾದ ಮೇಲೆ ಪೆರಿಯನಾಯಕಿ ಅದನ್ನು ಹಿತ್ತಾಳೆ ಚೊಂಬಿಗೆ ಬಗ್ಗಿಸಿಕೊಂಡು, ಚೊಂಬಿನ ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು, ಪಾವಿನ ಉದ್ದಕ್ಕೂ ನಡೆಯುತ್ತಿದ್ದಳು. ಗಂಡಸರ ಕೈಯೆಲ್ಲ ಗಂಜಿ. ಚೊಂಬು ಒಂದೇ, ಬಾಯಿ ಹತ್ತಾರು, ಎಂಜಲಾಗುವ ಹಾಗಿಲ್ಲ. ಆದ್ದರಿಂದ ಅವರು ಕುಂಚ ಬಿಡದೆ ಮುಖ ಎತ್ತಿ ಬಾಯಿ ತೆರೆಯುತ್ತಿದ್ದರು, ಇವಳು ಮೇಲಿನಿಂದ ಧಾರೆ ಬಿಡುತ್ತಿದ್ದಳು. ನಾಲಗೆಯ ಮೇಲೆ ನಿಲ್ಲಿಸಿಕೊಳ್ಳುವ ಮಾತೇ ಇಲ್ಲ, ನೇರ ಗಂಟಲಿಗೆ. ಬಿಸಿ ತಾಳದವನು ಪಾವಿಗೆ ಲಾಯಕ್ಕಲ್ಲ ಎಂದು ಅವರಲ್ಲೊಂದು ಜಂಬ. ಹೊಸದಾಗಿ ನಿಂತ ಹುಡುಗ ಕೆಮ್ಮಿ ಕಣ್ಣೀರು ಹಾಕಿಕೊಂಡರೆ ಬೀದಿಯೆಲ್ಲ ನಗು.

ಈ ಕೆಲಸ ಅವಳಿಗೆ ಅತ್ತೆ ಕಾಮಾಕ್ಷಿಯಮ್ಮನಿಂದ ಬಂದದ್ದು. ಕಷಾಯದ ಗುಣಗಾನಕ್ಕೆ ಅತ್ತೆಯ ಬಾಯಿಗೆ ದಣಿವೇ ಇರಲಿಲ್ಲ. ಉಷ್ಣಕ್ಕೆ ಅದು, ಕೈಕಾಲು ಸೆಳೆತಕ್ಕೆ ಅದು, ಸಿಹಿಮೂತ್ರಕ್ಕೂ ಅದೇ. ‘ಆವಾರೆ ಪೂತ್ತಿರುಕ್ಕ ಸಾವಾರೈ ಕಂಡದುಂಡೋ’ ಎಂದು ತಮಿಳಿನ ಗಾದೆ ಹೇಳಿ ಮುಗಿಸುತ್ತಿದ್ದಳು. ಆವಾರೆ ಹೂ ಬಿಟ್ಟಿರುವ ಕಡೆ ಸಾಯುವವರನ್ನು ಕಂಡಿದ್ದೀರಾ, ಎಂದು ಅರ್ಥ. ಆ ಬೀದಿಯಲ್ಲಿ ಕಂಡಿದ್ದರು. ಗಂಟಲು ಕಟ್ಟಿ, ಊಟ ಇಳಿಯದೆ, ಕೊನೆಗೆ ನೀರೂ ಇಳಿಯದೆ ಕಡ್ಡಿಯಾಗಿ ಹೋದ ಗಂಡಸರು ಆಗೊಬ್ಬ ಈಗೊಬ್ಬ ಇದ್ದೇ ಇದ್ದರು. ಪಕ್ಕದ ಮನೆಯ ಸಾಮಿಯಾತಾಳಿನ ಗಂಡ ಸೆಲ್ಲಪ್ಪನ್ ಹೋದದ್ದು ಹಾಗೆಯೇ. ಅಮ್ಮನವರ ಕೋಪ ಎಂದರು, ಹೊಗೆಸೊಪ್ಪು ಎಂದರು, ದೃಷ್ಟಿ ಎಂದರು. ಕಷಾಯ ಎಂದು ಯಾರೂ ಅನ್ನಲಿಲ್ಲ. ಅಮೃತದ ಮೇಲೆ ಯಾರು ಅನುಮಾನ ಪಡುತ್ತಾರೆ?

ಈಗ ಪೆರಿಯನಾಯಕಿಯ ಗಂಡ ಬೆಳ್ಳಿಯಪ್ಪನಿಗೂ ಅದೇ ಶುರುವಾಗಿತ್ತು. ಮೊದಲು ಕಳಿ ಮುದ್ದೆ ಎದೆಯಲ್ಲಿ ನಿಂತಿತು. ಆಮೇಲೆ ಅನ್ನ. ಅವನು ಬೇಸರವಿಲ್ಲದೆ ಒಂದೊಂದನ್ನೇ ಬಿಟ್ಟುಕೊಂಡು ಬಂದು ಗಂಜಿಗೆ ನಿಂತ. ಪಾವಿನ ತಲೆಯಲ್ಲಿ ನಿಂತು ಬೀದಿಗೆಲ್ಲ ಕೂಗಿ ಹೇಳುತ್ತಿದ್ದ ಗಂಡಸು, ಈಗ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ನಾಟಿ ವೈದ್ಯ ಮುಗಿದ ಮೇಲೆ ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿ ಕೋಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಹೋದರು. ಮಗ ರಾಮಲಿಂಗಂ ಬರುತ್ತೇನೆಂದ, ಮಗ್ಗ ನಿಲ್ಲಿಸಬೇಡವೆಂದು ಅಪ್ಪನೇ ತಡೆದ.

ಅಲ್ಲಿ ಬೆಳ್ಳಿಯಪ್ಪನಿಗೆ ಗಂಜಿಯಂಥದೇ ಬಿಳಿ ಔಷಧವೊಂದನ್ನು ಕುಡಿಸಿ, ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ನಿಲ್ಲಿಸಿ ಎದೆಯ ಫೋಟೋ ಹಿಡಿದರು. ಆಮೇಲೆ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ಪೆರಿಯನಾಯಕಿಯೊಬ್ಬಳನ್ನೇ ಒಳಗೆ ಕರೆದರು. ಮನೆಯಲ್ಲಿ ಅಡುಗೆ ಮಾಡುವವಳು ನೀನೇ ತಾನೆ ಎಂದು ಕೇಳಿದರು. ಏನು ಉಣ್ಣುತ್ತಾನೆ, ಏನು ಕುಡಿಯುತ್ತಾನೆ, ಎಷ್ಟು ವರ್ಷದಿಂದ, ಎಲ್ಲ ಬಿಡಿಸಿ ಬಿಡಿಸಿ ಕೇಳಿದರು. ಇವಳು ಕಷಾಯದ ಮಾತು ಹೇಳುವಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು, ಪಾಪ. ಗಂಡನನ್ನು ಇಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ತಿಳಿಯಲಿ ಎಂದು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಒಳ್ಳೆಯ ಮನುಷ್ಯ, ದಣಿದ ಮನುಷ್ಯ. ನಿಧಾನವಾಗಿ ತಮಿಳಿನಲ್ಲಿ ಹೇಳಿದರು. ಬೇಸಾಯದ ಹಳ್ಳಿಗಳಿಂದ ಈ ಗಂಟಲ ಕಾಯಿಲೆ ಬರುವುದು ಅಪರೂಪ, ನಿಮ್ಮಂಥ ನೇಕಾರರ ಬೀದಿಗಳಿಂದ ಮಾತ್ರ ಬರುತ್ತಲೇ ಇದೆ, ಯಾಕೆ ಎಂದು ನಾನೂ ಹುಡುಕುತ್ತಿದ್ದೇನೆ. ಆವಾರೆ ಚಕ್ಕೆಯಲ್ಲಿ ತೊಗಲು ಹದ ಮಾಡುತ್ತಾರೆ, ಗೊತ್ತೇ? ಹಸಿ ತೊಗಲನ್ನು ಬಿಗಿದು ಗಟ್ಟಿ ಮಾಡುವ ಸಾರ ದಿನ ಬಿಟ್ಟು ದಿನ ಮನುಷ್ಯನ ಒಳತೊಗಲಿಗೆ ತಾಗಿದರೆ ಏನಾಗುತ್ತದೋ. ಇಲ್ಲ, ಸುಡುವ ಬಿಸಿಯೇ ಕಾರಣವೋ. ಎರಡೂ ಸೇರಿಯೋ, ಎರಡೂ ಅಲ್ಲವೋ. ತಿಳಿಯುವುದಕ್ಕೆ ಇನ್ನೂ ವರ್ಷಗಳು ಬೇಕು, ಅಲ್ಲಿಯವರೆಗೆ ಆ ನೀರನ್ನು ಬಿಟ್ಟುಬಿಡುವುದು ಮೇಲು.

ಗಂಡನಿಗೆ ಇರುವುದು ಪುತ್ತು ಎಂದರು. ತಮಿಳಿನಲ್ಲಿ ಆ ಕಾಯಿಲೆಗೂ ಹಾವಿನ ಹುತ್ತಕ್ಕೂ ಒಂದೇ ಮಾತು. ಕತ್ತಿ ಹಾಕುವ ಹಂತ ದಾಟಿದೆ, ಅವನಿಗೆ ಹೇಳಬೇಡ, ಗಂಜಿ ಇಳಿಯುವವರೆಗೆ ಗಂಜಿ ಕೊಡು, ಎಂದರು. ಪೆರಿಯನಾಯಕಿ ಕೈಮುಗಿದು ಹೊರಗೆ ಬಂದಳು. ಬೆಂಚಿನ ಮೇಲಿದ್ದ ಗಂಡ ಏನಂದರು ಎಂದು ಕಣ್ಣಲ್ಲೇ ಕೇಳಿದ. ಹುಣ್ಣಂತೆ, ವಾಸಿಯಾಗುತ್ತದಂತೆ, ಎಂದಳು. ಆ ಸುಳ್ಳು ಹೇಳುವಾಗ ಅವಳಿಗೆ ನಾಲಗೆ ತೊದಲಲಿಲ್ಲ ಎನ್ನುವುದೇ ಅವಳಿಗೆ ಆಮೇಲೆ ಆಶ್ಚರ್ಯ.

ಬಸ್ಸಿನಲ್ಲಿ ಅವನು ಅವಳ ಭುಜಕ್ಕೆ ತಲೆ ತಾಗಿಸಿ ನಿದ್ದೆ ಹೋದ. ಇವಳಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಷಾಯ ನಿಲ್ಲಿಸಬೇಕಾದರೆ ಬೀದಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅವನಿಗೆ ಗೊತ್ತಾಗುತ್ತದೆ. ಸಾಯುತ್ತೇನೆ ಎನ್ನುವುದು ಒಂದು. ಕಟ್ಟಿಕೊಂಡವಳೇ ಕೈಯಾರೆ ಎರೆದಳು ಎನ್ನುವುದು ಇನ್ನೊಂದು. ಆ ಎರಡನೆಯದನ್ನು ಅವನು ಹೇಗೆ ಹೊರುತ್ತಾನೆ? ತಾನು ಹೇಗೆ ಹೊರುವುದು?

ಅವಳು ಯೋಚನೆಗೆ ಹೆಸರಾದವಳಲ್ಲ. ಆದರೂ ಬಸ್ಸು ಕುಲುಕಿದ ಹಾಗೆಲ್ಲ ಒಂದು ಮಾತು ಮೇಲೆದ್ದು ಬರುತ್ತಿತ್ತು. ಹೆಂಗಸರೂ ಕುಡಿಯುತ್ತಿದ್ದರಲ್ಲ? ಗಂಡಸರಿಗೆಲ್ಲ ಎರೆದು ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಾನು, ಸಾಮಿಯಾತಾಳ್, ಇನ್ನೂ ಇಬ್ಬರು ಮೂವರು ಅಡುಗೆಮನೆಯಲ್ಲಿ ಕೂತು ಕುಡಿಯುತ್ತಿದ್ದರು. ಅದು ಕುಡಿಯುವುದು ಎಂದು ಲೆಕ್ಕಕ್ಕೇ ಬಂದಿರಲಿಲ್ಲ, ಡಾಕ್ಟರ ಮುಂದೆ ನೆನಪಾಗಲೂ ಇಲ್ಲ. ತಣ್ಣಗೆ ಆರಿದ ಗಸಿ. ಆ ಬೀದಿಯಲ್ಲಿ ಹೆಂಗಸರು ಹೆರಿಗೆಯಲ್ಲಿ ಸತ್ತಿದ್ದರು, ಜ್ವರದಲ್ಲಿ ಸತ್ತಿದ್ದರು. ಗಂಟಲು ಕಟ್ಟಿ ಸತ್ತ ಹೆಂಗಸು ಅವಳಿಗೆ ನೆನಪಾಗಲಿಲ್ಲ. ಆದರೆ ಓದಿದ ಡಾಕ್ಟರಿಗೇ ತಿಳಿಯದ್ದು ನನಗೇನು ತಿಳಿದೀತು, ಎಂದು ಅವಳೇ ಆ ಯೋಚನೆಯನ್ನು ದೂಡಿಬಿಟ್ಟಳು.

ಅಂದಿನ ನಂತರ ಮೊದಲ ಪಾವು ಬಂದಾಗ ಅವಳು ಜ್ವರ ಎಂದು ಹೊದ್ದು ಮಲಗಿದಳು. ಕಷಾಯ ನಿಂತಿತೇ? ಎಲ್ಲಿಯ ಮಾತು. ಪಕ್ಕದ ಮನೆಯ ಸಾಮಿಯಾತಾಳ್ ಕುದಿಸಿದಳು, ಚೊಂಬು ಹಿಡಿದು ತಾನೇ ಎರೆದಳು. ಕಂಬಳಿಯೊಳಗೆ ಮಲಗಿ ಪೆರಿಯನಾಯಕಿ ಹೊರಗಿನ ನಗು, ಕೆಮ್ಮು ಎಲ್ಲ ಕೇಳಿಸಿಕೊಂಡಳು. ಸಂಜೆ ಯಾರೋ ಬಂದು, ನಿನ್ನ ಕೈಗುಣ ಬರಲಿಲ್ಲ ಪೆರಿಯನಾಯಕಿ, ಬೇಗ ಎದ್ದೇಳು, ಎಂದು ಹೇಳಿ ಹೋದರು. ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ, ಧಾರೆಗೆ ತೆರೆದ ಬಾಯಿಯನ್ನು ಮುಚ್ಚಿಸುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಅದಾದ ಮೇಲೆ ನಂಜಪ್ಪನ್ ಪಾವು. ನಂಜಪ್ಪನ್ ಎಂದರೆ ಬೀದಿಗೆ ಹಿರಿಯ, ಪಂಚಾಯಿತಿಯ ಮಾತು ಅವನದೇ. ಅವನು ಬಂದು ಜಗಲಿಯಲ್ಲಿ ಕೂತು, ಬೆಳ್ಳಿಯಪ್ಪನ ಜಾಗದಲ್ಲಿ ಈ ಸಲ ರಾಮಲಿಂಗಂ ನಿಲ್ಲಲಿ, ಪಾವಿನ ತಲೆ ಈ ಮನೆಗೇ ಇರಲಿ, ಎಂದ. ಬೆಳ್ಳಿಯಪ್ಪನ ಮುಖ ಎಷ್ಟೋ ದಿನಕ್ಕೆ ಅರಳಿತು. ಪೆರಿಯನಾಯಕಿಯ ಕಣ್ಣಿಗೆ ಬಂದದ್ದು ಚೊಂಬು. ತಲೆಯಲ್ಲಿ ನಿಂತವನಿಗೆ ಮೊದಲ ಧಾರೆ, ಒಲೆಯಿಂದ ಇಳಿದ ಮೊದಲ ಕುದಿ. ಅಪ್ಪನಿಗೆ ಎರೆದ ಹಾಗೆ ಇನ್ನು ಮಗನಿಗೂ ಅವಳೇ ಎರೆಯಬೇಕು. ಅವನಿಗೆ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಅವನ ಹೆಂಡತಿ ಬಸುರಿ.

ಅಂದು ಅವಳು ಕೋಳಿ ಕೂಗುವ ಮೊದಲೇ ಕಷಾಯ ಕಾಯಿಸಿದಳು, ಎಂದಿನಂತೆ. ಡಾಕ್ಟರು ಗಿಡವನ್ನೇ ಬಿಡು ಅಂದಿದ್ದರು, ಅದನ್ನು ಬಿಡಿಸುವ ಶಕ್ತಿ ಅವಳಿಗಿರಲಿಲ್ಲ. ಕೈಲಾದದ್ದು ಒಂದೇ. ಅಗಲ ಪಾತ್ರೆಗೆ ಸುರಿದು, ಹಿತ್ತಿಲಿನ ಗಾಳಿಗಿಟ್ಟು ಆರಿಸಿದಳು. ಆರಿದ್ದನ್ನು ಮೇಲಿನಿಂದ ಎರೆಯಬಹುದಿತ್ತಲ್ಲ ಎನ್ನುತ್ತೀರಿ. ಎರೆಯಬಹುದಿತ್ತು. ತಣ್ಣಗಿದೆ ಎಂದು ಗೊತ್ತಾದೊಡನೆ ಬಿಸಿ ಮಾಡಿ ತಾ ಎನ್ನುತ್ತಿದ್ದರು, ಮರುದಿನ ಮತ್ತೆ ಅದೇ. ಮನುಷ್ಯ ತುಟಿ ಇಟ್ಟು ಕುಡಿದರೆ ಬಿಸಿಯನ್ನು ತುಟಿಯೇ ತಡೆಯುತ್ತದೆ, ಅಭ್ಯಾಸವೇ ಬದಲಾಗಬೇಕು, ಎಂದು ಅವಳ ಬುದ್ಧಿಗೆ ಹೊಳೆಯಿತು. ತುಟಿ ಇಡಬೇಕಾದರೆ ಒಬ್ಬೊಬ್ಬನಿಗೆ ಒಂದೊಂದು ಪಾತ್ರೆ ಬೇಕು. ಅಷ್ಟು ಲೋಟ ಯಾರ ಮನೆಯಲ್ಲಿತ್ತು? ಗಂಜಿ ಮೊಗೆಯಲೆಂದು ಉಜ್ಜಿ ನುಣುಪು ಮಾಡಿಟ್ಟ ತೆಂಗಿನ ಕರಟಗಳು ಮೂಲೆಯಲ್ಲಿ ರಾಶಿ ಇದ್ದವು. ಅವನ್ನು ತೊಳೆದು, ತಟ್ಟೆಯಲ್ಲಿ ಜೋಡಿಸಿ, ಕಷಾಯ ತುಂಬಿ ಹೊರಗೆ ತಂದಳು.

ಅಲ್ಲಿ ಎಡವಿದಳು ನೋಡಿ. ನಿದ್ದೆಗೆಟ್ಟ ತಲೆ, ಭಯದಿಂದ ತುಂಬಿದ ತಲೆ, ಅದಕ್ಕೆ ಕರಟ ಬರೀ ಕರಟವಾಗಿ ಕಂಡಿತ್ತು. ಕರಟದಲ್ಲಿ ಕುಡಿಯಲು ಕೊಡುವುದು ಯಾರಿಗೆ ಎನ್ನುವುದು ಆ ಸೀಮೆಯ ಮಕ್ಕಳಿಗೂ ಗೊತ್ತು. ತೋಟಗಳಲ್ಲಿ ಬೆವರು ಸುರಿಸಿ ದುಡಿಯುವ ಜನವನ್ನು ಬೇಲಿಯಾಚೆ ನಿಲ್ಲಿಸಿ, ಮುಟ್ಟದ ಹಾಗೆ ಕರಟಕ್ಕೆ ಎರೆಯುತ್ತಿದ್ದ ಕಾಲ ಅದು. ಹಾಗೆ ಎರೆಯುವುದನ್ನು ದಿನಾ ಕಾಣುತ್ತಿದ್ದ ಈ ಬೀದಿಯವರಿಗೆ ಒಂದು ದಿನವೂ ಅದು ಅವಮಾನ ಎಂದು ಕಾಣಲಿಲ್ಲ. ಅದೇ ಕರಟ ತಮ್ಮ ಮೂಗಿನ ಮುಂದೆ ಬಂದ ಕೂಡಲೇ ಮಾನ ಮೂರಾಬಟ್ಟೆಯಾಯಿತು.

ಕುಂಚಗಳು ನಿಂತವು. ರಾಮಲಿಂಗಂ ನಾಚಿಕೆಯಿಂದ ತಲೆ ತಗ್ಗಿಸಿದ. ನಂಜಪ್ಪನ್ ಗಂಜಿ ಕೈಯನ್ನು ಪಂಚೆಗೆ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ.

“ಏನಮ್ಮ ಪೆರಿಯನಾಯಕಿ,” ಎಂದ, ದನಿ ಎತ್ತದೆ. “ನಾವು ಯಾವತ್ತು ನಿನ್ನ ಬೇಲಿ ಆಚೆ ನಿಂತಿದ್ವಿ?”

ಅವಳಿಗೆ ಆಗ ಹೊಳೆಯಿತು. ಅವಮಾನ ಮಾಡಬೇಕು ಅಂತಲ್ಲ ಅಣ್ಣ, ಬಿಸಿ ಬೇಡ ಅಂತ, ಬಾಯಿಟ್ಟು ನಿಧಾನ ಕುಡೀರಿ ಅಂತ, ಎಂದು ಏನೇನೋ ಬಡಬಡಿಸಿದಳು. ಯಾಕೆ ಬೇಡ ಎಂದು ಒಬ್ಬ ಕೇಳಿದ. ಇಷ್ಟು ವರ್ಷ ಇಲ್ಲದ ನೇಮ ಇವತ್ತೇನು ಎಂದು ಇನ್ನೊಬ್ಬ. ಸಾಮಿಯಾತಾಳ್ ಬಾಗಿಲಿಗೆ ಬಂದು, ನಾನು ಬಿಸಿ ಮಾಡಿ ತರುತ್ತೇನೆ ಬಿಡಿ, ಎಂದಳು. ಪೆರಿಯನಾಯಕಿ ಅವಳ ದಾರಿಗೆ ಅಡ್ಡ ನಿಂತಳು.

ಆಗ ಜಗಲಿಯಿಂದ ಬೆಳ್ಳಿಯಪ್ಪ ಮಾತಾಡಿದ. ಅವನ ದನಿ ಉಸಿರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

“ಕೇಳ್ತಾ ಇದಾರಲ್ಲ, ಹೇಳು. ಯಾಕೆ ಬೇಡ?”

ಯಾರು ಕೇಳಿದ್ದರೂ ಸುಳ್ಳು ಹೇಳುತ್ತಿದ್ದಳು. ಅವನು ಕೇಳಿದ. ಇನ್ನು ಹೊರಲಾರೆ ಎಂದು ಅನ್ನಿಸಿತು, ಅಷ್ಟೇ, ಧೈರ್ಯವೂ ಅಲ್ಲ ಏನೂ ಅಲ್ಲ. ತಟ್ಟೆಯನ್ನು ಜಗಲಿಯ ಮೇಲಿಟ್ಟಳು.

“ನಿಮ್ಮ ಗಂಟಲಲ್ಲಿ ಇರೋದು ಹುಣ್ಣಲ್ಲ, ಪುತ್ತು,” ಎಂದಳು. “ವಾಸಿ ಆಗಲ್ಲ ಅಂದ್ರು ಡಾಕ್ಟ್ರು. ನಾನು ಹುಯ್ದ ಈ ನೀರಿಂದ ಬಂದಿರಬಹುದು ಅಂದ್ರು. ಇರಬಹುದು, ಇಲ್ದೆ ಇರಬಹುದು, ಅವ್ರಿಗೂ ತಿಳೀದು, ನಂಗೂ ತಿಳೀದು. ಆದ್ರೆ ಮಗನ ಬಾಯಿಗೆ ನಾನು ಬಿಸಿ ಹುಯ್ಯಲಾರೆ.”

ಎಲ್ಲೋ ಒಂದು ಮನೆಯೊಳಗೆ ಕೂಸು ಅಳುತ್ತಿತ್ತು. ಸಾಮಿಯಾತಾಳ್ ನಿಧಾನವಾಗಿ ಇವಳ ಎದುರಿಗೆ ಬಂದು ನಿಂತಳು. ಜತೆಯಲ್ಲಿ ನೀರು ಹೊತ್ತವಳು, ಜತೆಯಲ್ಲಿ ಹೆತ್ತವಳು.

“ಹಂಗಾದ್ರೆ ನಮ್ಮನೆಯವ್ರಿಗೂ ನೀನೇ ಅಲ್ವಾ ಹುಯ್ದಿದ್ದು?”

“ಹೂಂ ಅಕ್ಕ. ನಾನೇ.”

ಸಾಮಿಯಾತಾಳ್ ಬೈದಿದ್ದರೆ, ಹೊಡೆದಿದ್ದರೆ ಪೆರಿಯನಾಯಕಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವಳೋ ಹೋದ ಸಲ ತಾನೇ ಚೊಂಬು ಹಿಡಿದು ಎರೆದ ಗಂಡಸರ ಮುಖಗಳನ್ನು ಒಂದು ಸಲ ನೋಡಿದಳು, ತನ್ನ ಮನೆಯೊಳಗೆ ಹೋದಳು, ಬಾಗಿಲು ಹಾಕಿಕೊಂಡಳು.

ಗಂಜಿ ಬಿಗಿಯುತ್ತದೆ, ಕೈ ಹಾಕಿ, ಎಂದು ನಂಜಪ್ಪನ್ ಕೊನೆಗೆ ಹೇಳಿದ. ಅವನು ಕರಟ ಮುಟ್ಟಲಿಲ್ಲ. ಹೆಚ್ಚಿನವರು ಮುಟ್ಟಲಿಲ್ಲ. ನಂಬಿದರೋ ಇಲ್ಲವೋ, ಆ ದಿನ ಬಿಸಿ ಕಷಾಯವನ್ನೂ ಯಾರೂ ಕೇಳಲಿಲ್ಲ, ಬರಿಗಂಟಲಲ್ಲೇ ಕುಂಚ ಎಳೆದರು. ರಾಮಲಿಂಗಂ ಮಾತ್ರ ಕೈ ತೊಳೆದುಕೊಂಡು ಬಂದು, ಅಮ್ಮನ ಮುಖ ನೋಡದೆ, ಒಂದು ಕರಟ ಎತ್ತಿಕೊಂಡು ನಿಂತಲ್ಲೇ ತುಟಿಯಿಟ್ಟು ಕುಡಿದ. ಕುಡಿದು ತನ್ನ ಜಾಗಕ್ಕೆ ಹೋದ.

ಪೆರಿಯನಾಯಕಿಗೆ ಗಂಡನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಅವನೇ ಕೈ ಚಾಚಿ ತಟ್ಟೆಯಿಂದ ಒಂದು ಕರಟ ತೆಗೆದುಕೊಂಡ. ತುಟಿಗಿಟ್ಟು ಒಂದು ಹನಿ ಹೀರಿ, ಬಾಯಲ್ಲಿ ಇಟ್ಟುಕೊಂಡು, ಬಹಳ ಹೊತ್ತಿನ ಮೇಲೆ ಕಷ್ಟಪಟ್ಟು ನುಂಗಿದ. ಮುಖ ಕಿವುಚಿದ.

“ಇಷ್ಟು ಒಗರಾ ಇದು?” ಎಂದ. “ಹುಟ್ಟಿದಾಗಿಂದ ಕುಡಿದೆ, ರುಚಿನೇ ಗೊತ್ತಿರ್ಲಿಲ್ಲ.” ಆಮೇಲೆ ಅವಳನ್ನು ನೋಡಿದ. “ನೀನು ಕುಡಿದಿದ್ದೀಯಾ?”

“ಯಾವಾಗ್ಲೂ. ನಿಮ್ಮದೆಲ್ಲ ಮುಗಿದ ಮೇಲೆ. ತಳದಲ್ಲಿ ಉಳಿದಿದ್ದು, ಆರಿದ್ದು.”

ಅವಳು ಬೈಗುಳಕ್ಕೆ ಕಾದಳು. ಅವನು ಪಾವಿನ ಕಡೆ, ತನ್ನ ಜಾಗದಲ್ಲಿ ಬಾಗಿ ನಿಂತಿದ್ದ ಮಗನ ಕಡೆ ನೋಡುತ್ತಾ ಇನ್ನೊಂದು ಹನಿ ಹೀರಿದ. ಅವನು ಉಂಡು ಎದ್ದ ಮೇಲೆ ಅವಳು ಉಣ್ಣುವುದು, ಅವನು ಕುಡಿದು ಬಿಟ್ಟ ಮೇಲೆ ಅವಳು ಕುಡಿಯುವುದು, ಹಾಗೆಯೇ ಆ ಮನೆಯಲ್ಲಿ ಒಂದು ಬಾಳು ಕಳೆದಿತ್ತು. ಅವನ ಅಪ್ಪನ ಮನೆಯಲ್ಲೂ ಹಾಗೆಯೇ.

“ಹಂಗಾದ್ರೆ ನಾನೂ ನಿನ್ನ ಜತೆ ಕೂತು ಕುಡೀಬೇಕಾಗಿತ್ತು ಕಣೆ,” ಎಂದ ಬೆಳ್ಳಿಯಪ್ಪ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಬೀದಿಯೆಲ್ಲ ನೋಡುತ್ತಿದೆ ಎನ್ನುವುದನ್ನೂ ಮರೆತು, ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕೂತುಬಿಟ್ಟಳು. ಅವನು ತಟ್ಟೆಯನ್ನು ಅವಳ ಕಡೆಗೆ ಸರಿಸಿದ.